ನಿವೃತ್ತಿ ಹತ್ತಿರ ಬಂತು, ಆಫೀಸಿನ ಮೇಲ್ ಹೋಗುತ್ತದೆ. ಊರು ಕೊಪ್ಪದ ಕಡೆ, ಅಲ್ಲಿ ನೆಟ್ ನಿಧಾನ. ಮೇಲ್‌ಗಳನ್ನು ಮನೆಯ ಕಂಪ್ಯೂಟರಿಗೆ ಇಳಿಸಿಟ್ಟುಕೊಳ್ಳಲು ಯಾವ ಪ್ರೋಗ್ರಾಂ ಒಳ್ಳೆಯದು?

"ಇಳಿಸಿಟ್ಟುಕೊಳ್ಳಲು" ಅನ್ನುವ ಮಾತು ಓದಿ ಸುಮ್ಮನಿರಲು ಆಗಲಿಲ್ಲ. ನೀವು ಕೊಪ್ಪದ ಕಡೆಯವರು ಅಂತ ಬರೆದಿದ್ದೀರಿ. ನಾನು ಮೂಡಿಗೆರೆ ಕಡೆಯವನು, ಮನೆಯದು ಕಾಫಿ ತೋಟ. 2005ರಲ್ಲಿ ನನ್ನ ತಲೆಯಲ್ಲೂ ಇದೇ ಲೆಕ್ಕ ಇತ್ತು. ನೆಟ್ ಯಾವಾಗ ಬರುತ್ತದೋ ಯಾವಾಗ ಹೋಗುತ್ತದೋ, ಬಂದದ್ದನ್ನೆಲ್ಲ ಮನೆಯ ಕಂಪ್ಯೂಟರಿಗೆ ತಂದು ಹಾಕಿಕೊಂಡರೆ ನಿಶ್ಚಿಂತೆ ಅಂತ.

ಆ ವರ್ಷ ಅಕ್ಕ ಕೆಲಸದ ಮೇಲೆ ಮೆಲ್ಬರ್ನ್‌ಗೆ ಹೋದಳು. ಫೋನ್ ಮಾಡುವುದು ದುಬಾರಿ. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಅಪ್ಪ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಅವರು ಹೇಳಿದ್ದನ್ನು ನಾನು 'ಬರಹ' ಅನ್ನುವ ಕನ್ನಡ ಬರೆಯುವ ಪ್ರೋಗ್ರಾಂನಲ್ಲಿ ಟೈಪ್ ಮಾಡುತ್ತಿದ್ದೆ. ಅಕ್ಕನ ಕಂಪ್ಯೂಟರಿಗೂ ಬರಹ ಹಾಕಿಸಿದ್ದೆವು, ಇಲ್ಲದಿದ್ದರೆ ಅವಳಿಗೆ ಅಕ್ಷರದ ಬದಲು ಏನೇನೋ ಗುರುತು ಕಾಣಿಸುತ್ತಿದ್ದವು. ಅಪ್ಪನ ಕಾಗದ ಶುರುವಾಗುವುದೇ ಮಳೆಯಿಂದ. "ಶುಕ್ರವಾರ 1 ಇಂಚು 20 ಸೆಂಟ್ಸ್ ಬಿತ್ತು. ಕೆಳಗಿನ ತೋಟಕ್ಕೆ ಸಾಕು, ಗುಡ್ಡದ ರೋಬಸ್ಟಾಕ್ಕೆ ಸಾಲದು." ತೋಟದ ಮಳೆ ಲೆಕ್ಕದಲ್ಲಿ ಇಂಚಿಗೆ 100 ಸೆಂಟ್ಸ್, ರೋಬಸ್ಟಾ ಅಂದರೆ ಕಾಫಿಯ ಒಂದು ಜಾತಿ. ಆಮೇಲೆ ಮೆಣಸಿನ ಬಳ್ಳಿ, ತೋಟದ ಆಳುಗಳಿರುವ ಲೈನ್ ಮನೆಯವರ ಮಗಳ ಮದುವೆ, ಅಮ್ಮನ ಮಂಡಿನೋವು. ಕೊನೆಗೆ "ಚಳಿಗೆ ಕಿವಿ ಮುಚ್ಚಿಕೊಂಡು ಓಡಾಡು". ಅಕ್ಕನ ಉತ್ತರ ಬಂದರೆ ನಾನು ಗಟ್ಟಿಯಾಗಿ ಓದಬೇಕು, ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಬೇಕು. ಹೀಗೆ ಮೂರೂವರೆ ವರ್ಷ ನಡೆಯಿತು. 2008ರ ಡಿಸೆಂಬರಿನಲ್ಲಿ, ಕಾಫಿ ಹಣ್ಣು ಕುಯ್ಲು ನಡೆಯುತ್ತಿದ್ದಾಗ, ಅಪ್ಪ ಹೋದರು.

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಆದರೆ ಇದನ್ನು ಪೂರ್ತಿ ಓದಿ.

ಬ್ರಾಡ್‌ಬ್ಯಾಂಡ್ ಹಾಕಿಸಿದಾಗ ಅದರ ಜೊತೆಗೆ ಒಂದು ಮೇಲ್ ವಿಳಾಸ ಪುಕ್ಕಟೆ ಕೊಟ್ಟಿದ್ದರು. ಅದನ್ನೇ ಇಟ್ಟುಕೊಂಡೆ. ಪ್ರೋಗ್ರಾಂ ಔಟ್‌ಲುಕ್ ಎಕ್ಸ್‌ಪ್ರೆಸ್, ವಿಂಡೋಸ್ ಎಕ್ಸ್‌ಪಿ ಜೊತೆಗೇ ಬರುತ್ತಿತ್ತು. ಅದನ್ನು ಪಾಪ್ ಅನ್ನುವ ಪದ್ಧತಿಯಲ್ಲಿ ಹಾಕಿಕೊಂಡೆ. ಹಿಂದೆ ಎಸ್ಟೇಟಿನ ಆಳು ಪೋಸ್ಟಾಫೀಸಿಗೆ ಹೋಗಿ ಟಪಾಲು ಚೀಲ ತರುತ್ತಿದ್ದನಲ್ಲ, ಪಾಪ್ ಹಾಗೆಯೇ. ಇದ್ದದ್ದನ್ನೆಲ್ಲ ಮನೆಗೆ ತರುತ್ತದೆ. ತಂದ ಮೇಲೆ ಅಲ್ಲಿ ಏನೂ ಉಳಿಯುವುದಿಲ್ಲ. ಸರ್ವರಿನಲ್ಲೂ, ಅಂದರೆ ಮೇಲ್ ಕೊಡುವವರ ಕಂಪ್ಯೂಟರಿನಲ್ಲೂ, ಒಂದು ಪ್ರತಿ ಬಿಡು ಅಂತ ಹೇಳಲು ಅಡ್ವಾನ್ಸ್ಡ್ ಅನ್ನುವ ಪುಟದ ಕೆಳಗೆ ಒಂದು ಟಿಕ್ ಇತ್ತು. ನಾನು ಹುಡುಕಿ ಅದನ್ನು ಹಾಕಿದ್ದೆ. ಅಲ್ಲಿಯವರೆಗೆ ಸರಿಯೇ ಇತ್ತು.

ಆದರೆ ಆ ಪುಕ್ಕಟೆ ಮೇಲ್ ಡಬ್ಬಿ ತುಂಬಾ ಚಿಕ್ಕದು. ಅಕ್ಕ ನಾಲ್ಕು ಫೋಟೋ ಕಳಿಸಿದರೆ ತುಂಬಿಬಿಡುತ್ತಿತ್ತು. ಒಂದು ಸಲ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನವರು ಕಳಿಸಿದ ಮೇಲ್ ಡಬ್ಬಿ ತುಂಬಿದೆ ಅಂತ ವಾಪಸ್ ಹೋಯಿತು. ಆಗ ಆ ಟಿಕ್‌ನ ಕೆಳಗೇ ಇದ್ದ ಇನ್ನೊಂದು ಟಿಕ್ ಹಾಕಿದೆ. "5 ದಿನದ ಮೇಲೆ ಸರ್ವರಿನಿಂದ ತೆಗೆದುಹಾಕು." 5 ಅನ್ನುವ ಅಂಕಿ ಮೊದಲೇ ಅಲ್ಲಿ ಬರೆದಿತ್ತು. 5ರ ಜಾಗದಲ್ಲಿ 50 ಅಂತ ಮಾಡಬೇಕೆಂದೂ ನನಗೆ ಹೊಳೆಯಲಿಲ್ಲ. ಡಬ್ಬಿ ಖಾಲಿ ಇರುತ್ತದಲ್ಲ, ಅಷ್ಟೇ ಸಾಕಾಗಿತ್ತು.

ಇನ್ನೊಂದು ವಿಷಯ ಆಗ ನನಗೆ ಗೊತ್ತೇ ಇರಲಿಲ್ಲ. ಪಾಪ್ ತರುವುದು ಬಂದ ಕಾಗದ ಮಾತ್ರ. ನಾವು ಕಳಿಸಿದ ಕಾಗದದ ನಕಲು ನಮ್ಮ ಕಂಪ್ಯೂಟರಿನ ಸೆಂಟ್ ಐಟಮ್ಸ್‌ನಲ್ಲಷ್ಟೇ ಇರುತ್ತದೆ, ಆ ಡಬ್ಬಿಯ ಸರ್ವರಿನಲ್ಲಿ ಒಂದು ದಿನವೂ ಇರುತ್ತಿರಲಿಲ್ಲ. ಅಂದರೆ ಅಪ್ಪ ಹೇಳಿ ಬರೆಸಿದ ಅಷ್ಟೂ ಕಾಗದ ನಮ್ಮ ಕಡೆ ಮೂಡಿಗೆರೆ ಪಕ್ಕದ ಒಂದು ಮನೆಯ ಒಂದು ಹಾರ್ಡ್ ಡಿಸ್ಕಿನಲ್ಲಿ ಮಾತ್ರ ಇತ್ತು.

ಬ್ಯಾಕಪ್ ಮಾಡಲಿಲ್ಲವಾ ಅಂತ ಕೇಳುತ್ತೀರಿ. ಮಾಡುತ್ತಿದ್ದೆ. ವರ್ಷಕ್ಕೆ ಎರಡು ಸಲ ಮೈ ಡಾಕ್ಯುಮೆಂಟ್ಸ್ ಫೋಲ್ಡರನ್ನು ಸಿಡಿಗೆ ಬರೆದು, ತಾರೀಖು ಹಾಕಿ ಬೀರುವಿನಲ್ಲಿ ಇಡುತ್ತಿದ್ದೆ. ಮೇಲ್ ಕೂಡ ಅದರಲ್ಲೇ ಇದೆ ಅಂತ ನಂಬಿದ್ದೆ. ಇರಲಿಲ್ಲ. ಔಟ್‌ಲುಕ್ ಎಕ್ಸ್‌ಪ್ರೆಸ್ ತನ್ನ ಕಾಗದಗಳನ್ನು ಡಿಬಿಎಕ್ಸ್ ಅನ್ನುವ ಫೈಲುಗಳಲ್ಲಿ, ಕಣ್ಣಿಗೆ ಕಾಣದ ಹಾಗೆ ಮುಚ್ಚಿಟ್ಟ ಬೇರೆ ಫೋಲ್ಡರಿನಲ್ಲಿ ಇಡುತ್ತಿತ್ತು. ಒಂದೇ ಒಂದು ಸಲ ಆ ಸಿಡಿಯನ್ನು ಬೇರೆ ಕಂಪ್ಯೂಟರಿಗೆ ಹಾಕಿ ಮೇಲ್ ಇದೆಯಾ ಅಂತ ನೋಡಿದ್ದರೆ ತಿಳಿಯುತ್ತಿತ್ತು.

2009ರ ಮಾರ್ಚ್. ಎಲ್ಲರೂ ಕಾಫಿ ಹೂವಾಗಲು ಬೇಕಾದ ಹೂಮಳೆಗೆ ಕಾಯುತ್ತಿದ್ದೆವು. ಒಂದು ಸಂಜೆ ಗುಡುಗು ಶುರುವಾಯಿತು. ಓಡಿಹೋಗಿ ಕರೆಂಟಿನ ಪ್ಲಗ್ ಕಿತ್ತೆ, ಫೋನ್ ತಂತಿ ಹಾಗೇ ಬಿಟ್ಟೆ. ಸಿಡಿಲು ಆ ತಂತಿಯಲ್ಲೇ ಬಂತು. ಮೋಡೆಮ್‌ಗೆ, ಅಲ್ಲಿಂದ ಕೇಬಲ್ ಹಿಡಿದು ಕಂಪ್ಯೂಟರಿಗೆ. ಮೋಡೆಮ್‌ನ ಬಿಳಿ ಪ್ಲಾಸ್ಟಿಕ್ ಒಂದು ಮೂಲೆಯಲ್ಲಿ ಕಂದು ಬಣ್ಣಕ್ಕೆ ತಿರುಗಿ ಉಬ್ಬಿತ್ತು, ಕೋಣೆ ತುಂಬಾ ಸುಟ್ಟ ವಾಸನೆ. ಆಚೆ ಒಳ್ಳೆ ಮಳೆ ಬಿತ್ತು. ಎಂಟು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಹೂವಾಯಿತು. ಹಾರ್ಡ್ ಡಿಸ್ಕನ್ನು ಬೆಂಗಳೂರಿಗೆ ಕಳಿಸಿದೆ. ಏನೂ ಬರುವುದಿಲ್ಲ ಅಂದರು.

ಚಿಕ್ಕಮಗಳೂರಿನ ಒಂದು ಇಂಟರ್‌ನೆಟ್ ಸೆಂಟರಿನಲ್ಲಿ ಕೂತು ಡಬ್ಬಿ ತೆರೆದೆ. 7 ಮೇಲ್ ಇದ್ದವು. ಐದು ದಿನದ್ದು. ಎಲ್ಲವೂ ವ್ಯಾಪಾರದವು.

ಅಕ್ಕನ ಹತ್ತಿರ ಇರುತ್ತದಲ್ಲ ಅಂತ ಸಮಾಧಾನ ಮಾಡಿಕೊಂಡೆ. ಅವಳು ಇಷ್ಟು ವರ್ಷವೂ ಆಫೀಸಿನ ವಿಳಾಸದಿಂದಲೇ ಬರೆಯುತ್ತಿದ್ದಳು. ಜನವರಿಯಲ್ಲಿ ಕೆಲಸ ಬದಲಿಸಿದ್ದಳು, ಹಳೆಯ ಆಫೀಸಿನವರು ಖಾತೆ ಮುಚ್ಚಿದ್ದರು. ಒಂದು ಕಾಗದ ಮಾತ್ರ ಉಳಿಯಿತು, ಅವಳು ಪ್ರಿಂಟ್ ತೆಗೆದು ಫ್ರಿಡ್ಜ್ ಮೇಲೆ ಅಂಟಿಸಿಕೊಂಡಿದ್ದದ್ದು. ಆ 1 ಇಂಚು 20 ಸೆಂಟ್ಸ್ ಕಾಗದ ಅದೇ.

ಆದ್ದರಿಂದ, ಯಾವ ಪ್ರೋಗ್ರಾಂ ಒಳ್ಳೆಯದು ಅನ್ನುವ ಪ್ರಶ್ನೆಯೇ ಸರಿಯಿಲ್ಲ ಅಂತ ನನ್ನ ಅಭಿಪ್ರಾಯ. ಪ್ರೋಗ್ರಾಂ ಬರೀ ಕಿಟಕಿ. ಕಾಗದ ಎಲ್ಲೆಲ್ಲಿ ಇದೆ, ಕಂಪ್ಯೂಟರ್ ಸುಟ್ಟು ಮೊಬೈಲೂ ಕಳೆದುಹೋದರೆ ಮತ್ತೆ ಒಳಗೆ ಹೋಗಲು ದಾರಿ ಇದೆಯಾ, ಇದನ್ನು ಕೇಳಿ.

ಜಿಮೇಲೋ ಔಟ್‌ಲುಕ್ಕೋ ಅಂತ ವಾರಗಟ್ಟಲೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಮನೆಯಲ್ಲಿ ಮಕ್ಕಳು ಯಾವುದನ್ನು ಬಳಸುತ್ತಾರೋ ಅದನ್ನೇ ತೆಗೆದುಕೊಳ್ಳಿ. ಏನಾದರೂ ಸಿಕ್ಕಿಹಾಕಿಕೊಂಡರೆ ಪಕ್ಕದಲ್ಲಿ ಹೇಳಿಕೊಡುವವರು ಇರಬೇಕು. ಆದರೆ ನೆಟ್ ಕನೆಕ್ಷನ್ ಜೊತೆ ಬರುವ ವಿಳಾಸ ಮಾತ್ರ ಬೇಡವೇ ಬೇಡ. ಕನೆಕ್ಷನ್ ಬದಲಿಸಿದ ದಿನ ವಿಳಾಸವೂ ಕೈಬಿಟ್ಟು ಹೋಗಬಹುದು. ಪ್ರೋಟಾನ್ ಮೇಲ್ ಗೌಪ್ಯತೆಗೆ ಒಳ್ಳೆಯದೇ. ಆದರೆ ಅದರಲ್ಲಿ ಪಾಸ್‌ವರ್ಡ್ ಮರೆತು, ಮೊದಲೇ ಕೊಡುವ ರಿಕವರಿ ಪದಗಳನ್ನೋ ಫೈಲನ್ನೋ ಇಟ್ಟುಕೊಳ್ಳದಿದ್ದರೆ, ಹೊಸ ಪಾಸ್‌ವರ್ಡ್ ಸಿಕ್ಕಿದರೂ ಹಳೆಯ ಕಾಗದ ಓದಲು ಬಾರದೇ ಹೋಗಬಹುದು. ಕಾಗದ ಕಳೆದುಕೊಂಡವನು ನಾನು, ಹಾಗಾಗಿ ಹತ್ತಿರದವರಿಗೆ ಅದನ್ನು ತೆಗೆದುಕೊಳ್ಳಿ ಅಂತ ಹೇಳುವುದಿಲ್ಲ.

ಕಂಪ್ಯೂಟರಿನಲ್ಲೂ ಬೇಕು ಅಂದರೆ ಥಂಡರ್‌ಬರ್ಡ್ ಅನ್ನುವ ಮೇಲ್ ಪ್ರೋಗ್ರಾಂ ಹಾಕಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಖಾತೆ ಸೇರಿಸುವಾಗ ಪಾಪ್ ಬೇಕೋ ಐಮ್ಯಾಪ್ ಬೇಕೋ ಅಂತ ಬರುತ್ತದೆ. ಐಮ್ಯಾಪ್ ಆರಿಸಿ. ಕಾಗದ ಸರ್ವರಿನಲ್ಲೇ ಇರುತ್ತದೆ, ಮನೆಯಲ್ಲೂ ಒಂದು ಪ್ರತಿ ಕೂರುತ್ತದೆ, ಕಳಿಸಿದ ಕಾಗದವೂ ಎರಡೂ ಕಡೆ ಇರುತ್ತದೆ. ನೆಟ್ ಇಲ್ಲದಾಗಲೂ ಓದಬಹುದು, ನಿಮಗೆ ಬೇಕಾದದ್ದು ಅದೇ ಅಲ್ವಾ? ಒಂದು ಎಚ್ಚರಿಕೆ: ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಅದಕ್ಕೇ ನಾನು ವರ್ಷಕ್ಕೊಮ್ಮೆ ಗೂಗಲ್ ಟೇಕೌಟ್ ಅನ್ನುವ ಸೌಲಭ್ಯದಿಂದ ನನ್ನ ಜಿಮೇಲಿನ ಅಷ್ಟೂ ಮೇಲ್ ಒಂದು ಫೈಲ್ ಮಾಡಿ ಪೆನ್ ಡ್ರೈವಿಗೆ ಹಾಕುತ್ತೇನೆ, ಹಾಕಿದ ಮೇಲೆ ತೆರೆದು ನೋಡುತ್ತೇನೆ.

ಜಿಮೇಲ್ ಆದರೆ 15 ಜಿಬಿ ಜಾಗ ಸಿಗುತ್ತದೆ, ಆದರೆ ಅದು ಮೇಲ್‌ಗೆ ಮಾತ್ರ ಅಲ್ಲ. 2021ರ ಜೂನ್‌ನಿಂದ ಮೊಬೈಲಿನಿಂದ ಗೂಗಲ್ ಫೋಟೋಸ್‌ಗೆ ಹೋಗುವ ಫೋಟೋ, ವಿಡಿಯೋ ಕೂಡ ಅದರಲ್ಲೇ ಲೆಕ್ಕ. ಅದು ತುಂಬಿದರೆ ಮೇಲ್ ಬರುವುದು ನಿಲ್ಲುತ್ತದೆ, ನನ್ನ ಹಳೆಯ ಚಿಕ್ಕ ಡಬ್ಬಿಯ ಹಾಗೆ. ಎರಡು ವರ್ಷ ಖಾತೆಯನ್ನು ಮುಟ್ಟದೇ ಬಿಟ್ಟರೆ ಗೂಗಲ್ ಅದನ್ನು ಅಳಿಸಿಹಾಕಬಹುದು. ಎರಡು ಹಂತದ ಬೀಗ (ಟೂ-ಸ್ಟೆಪ್ ವೆರಿಫಿಕೇಶನ್) ಹಾಕಿದಾಗ 8 ಅಂಕಿಯ 10 ಬ್ಯಾಕಪ್ ಕೋಡ್ ತೆಗೆದುಕೊಳ್ಳಲು ಬರುತ್ತದೆ. ಅವನ್ನು ಕಾಗದದಲ್ಲಿ ಬರೆದು ಪಹಣಿ, ಪಾಸ್‌ಬುಕ್ ಜೊತೆ ಇಡಿ. ರಿಕವರಿಗೆ ಕೊಡುವ ಮೊಬೈಲ್ ನಂಬರು ರೀಚಾರ್ಜ್ ಮಾಡದೇ ಬಿಡುವ ಎರಡನೇ ಸಿಮ್ ಆಗಬಾರದು. ಆ ನಂಬರು ನಾಳೆ ಬೇರೆಯವರ ಕೈಗೆ ಹೋಗಬಹುದು.

ಪ್ರೋಗ್ರಾಂ ಹುಡುಕುವುದಕ್ಕಿಂತ ತುರ್ತಿನ ಕೆಲಸ ಇನ್ನೊಂದಿದೆ. ನಿಮಗೆ ಇನ್ನೂ ಆಫೀಸಿನ ಡಬ್ಬಿ ತೆರೆಯಲು ಬರುತ್ತಿದೆ. ಅದರಲ್ಲಿ ಮನೆಯವರು ಬರೆದದ್ದು ಏನಾದರೂ ಇದೆಯಾ ನೋಡಿ. ಹೆಸರು ಹಾಕಿ ಹುಡುಕಿ. ಸೆಂಟ್ ಫೋಲ್ಡರನ್ನೂ ನೋಡಿ, ಅದನ್ನೇ ಎಲ್ಲರೂ ಮರೆಯುವುದು. ಸಿಕ್ಕಿದ್ದನ್ನು ಈ ವಾರವೇ ಹೊಸ ವಿಳಾಸಕ್ಕೆ ಕಳಿಸಿಕೊಳ್ಳಿ, ಬ್ಯಾಂಕಿನಲ್ಲೂ ಪಿಂಚಣಿ ಕಾಗದದಲ್ಲೂ ಹೊಸ ವಿಳಾಸ ಕೊಡಿ. ನಿವೃತ್ತಿಯ ದಿನಕ್ಕೆ ಬಿಡಬೇಡಿ. ಅವತ್ತು ಹಾರ, ಶಾಲು, ಭಾಷಣದಲ್ಲಿ ಸಂಜೆ ಆಗಿಬಿಡುತ್ತದೆ.