ಅಮ್ಮನ ಟೇಪು, ಲಾಡ್ಜಿನ ಬಾತ್‌ರೂಮ್ ಬಾಗಿಲು

(ಈ ಮನೆಯವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ನಾನು ಆಪ್ತಸಲಹೆ ಕೊಡುವವಳು. ತುಮಕೂರಿನ ನನ್ನ ಕೋಣೆಗೆ ಮೊದಲು ಬಂದದ್ದು ಅಪ್ಪ ಮತ್ತು ಮಗಳು. ಮಗಳಿಗೆ ಹನ್ನೆರಡು ವರ್ಷ. ಶಾಲೆಯ ಟೀಚರ್ ಕಳಿಸಿದ್ದರು. ಹುಡುಗಿ ಆಟಕ್ಕೆ ಬರುವುದಿಲ್ಲ, ಮಂಕಾಗಿ ಕೂತಿರುತ್ತಾಳೆ, ಶಾಲೆ ಟೂರಿಗೆ ಹೆಸರು ಕೊಟ್ಟು ಮರುದಿನವೇ ತೆಗೆಸಿಬಿಟ್ಟಳು ಎಂದು ಹೇಳಿ ಕಳಿಸಿದ್ದರು. ಯಾಕೆ ಅಂತ ಕೇಳಿದರೆ "ಸುಮ್ನೆ" ಅಂದಳು. ಈ ವಯಸ್ಸಿನ ಮಕ್ಕಳ "ಸುಮ್ನೆ"ಯೊಳಗೆ ಏನೋ ಒಂದು ಇದ್ದೇ ಇರುತ್ತದೆ.

ಅಪ್ಪ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರು. ಮೂರು ವರ್ಷದ ಹಿಂದೆ ಹೆಂಡತಿಗೆ ಸ್ಕೂಟರ್ ಅಪಘಾತವಾಗಿ ಬೆನ್ನುಹುರಿಗೆ ಪೆಟ್ಟಾಗಿತ್ತು. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ, ವೀಲ್‌ಚೇರಿನಲ್ಲೇ ಓಡಾಟ. ಮಗಳ ಕೆಳಗೆ ಏಳು ವರ್ಷದ ಮಗ. "ಮಕ್ಕಳು ಮನೆ ಬಿಟ್ಟು ಎಲ್ಲೂ ಹೋಗಿಲ್ಲ ಮೇಡಂ. ದಸರಾ ರಜೆಗೆ ಎರಡು ದಿನ ಮೈಸೂರಿಗೆ ಹೋಗೋಣ ಅಂದ್ರೆ ಇವಳು ಬರಲ್ಲ ಅಂತಾಳೆ" ಅಂದರು. ಅಮ್ಮ? "ಅವಳು ಅವಳ ತವರಲ್ಲಿ ಇರ್ತಾಳೆ. ಅವಳೇ ಹೇಳಿದ್ದು, ನೀವು ಹೋಗ್ಬನ್ನಿ ಅಂತ."

ಇಲ್ಲಿ ನನ್ನ ತಪ್ಪೊಂದನ್ನು ಹೇಳಿಬಿಡಬೇಕು. ಎರಡು ಸಲ ಅಪ್ಪ-ಮಗಳ ಜೊತೆ ಮಾತಾಡಿದೆ. ಎರಡು ಸಲವೂ ಅರ್ಧಕ್ಕರ್ಧ ಮಾತು ಅಮ್ಮನ ಬಗ್ಗೆಯೇ. ಅಮ್ಮನನ್ನು ಮಾತ್ರ ಕರೆದಿರಲಿಲ್ಲ. ಯಾಕೆಂದರೆ ನನ್ನ ಕೋಣೆ ಇರುವುದು ಮೊದಲ ಮಹಡಿಯಲ್ಲಿ. ಹದಿನೆಂಟು ಮೆಟ್ಟಿಲು, ಲಿಫ್ಟ್ ಇಲ್ಲ. "ಅವರಿಗೆ ಕಷ್ಟ ಆಗುತ್ತೆ, ಬಿಡಿ" ಅಂತ ನಾನೇ ಅಂದಿದ್ದೆ. ಕೇಳಿದ್ದು ಗಂಡನನ್ನು. ಅವರನ್ನಲ್ಲ. ಮನೆಯಲ್ಲಿ ಗಂಡ ಮಾಡುತ್ತಿದ್ದುದೂ ಇದನ್ನೇ ಅಲ್ವಾ?

ಮೂರನೇ ಸಲ ಗೆಳತಿಯೊಬ್ಬಳ ನೆಲಮಹಡಿಯ ಕೋಣೆ ಕೇಳಿಕೊಂಡು, ನಾಲ್ವರನ್ನೂ ಬರಹೇಳಿದೆ.

ಹೊಸಲು ಬಂದ ಕೂಡಲೇ ಮಗಳು ಯಾರೂ ಹೇಳದೆ ಚೇರಿನ ಹಿಂದೆ ಹೋದಳು, ಕಾಲಿನಿಂದ ಹಿಂದಿನ ಕೊಳವೆ ಒತ್ತಿ ಮುಂದಿನ ಚಕ್ರ ಎತ್ತಿ ಒಳಗೆ ದಾಟಿಸಿದಳು. ಆಮೇಲೆ ಬ್ರೇಕ್ ಹಾಕಿದಳು. ಅಮ್ಮನ ಸೆರಗು ಚಕ್ರಕ್ಕೆ ಸಿಕ್ಕದಂತೆ ಒಳಗೆ ಸೇರಿಸಿದಳು. ಹತ್ತು ಸೆಕೆಂಡ್ ಆಗಿರಬೇಕು. ಅಪ್ಪ ಆಗಿನ್ನೂ ಚಪ್ಪಲಿ ಬಿಡುತ್ತಿದ್ದರು. ಟೂರಿನಿಂದ ಹೆಸರು ತೆಗೆಸಿದ್ದು ಯಾಕೆ ಅಂತ ಆಮೇಲೆ ಕೇಳಬೇಕಾಗಲಿಲ್ಲ.

ಅಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುವವರು. ಮಿಷನ್ ಮೋಟಾರಿನ ಪೆಡಲನ್ನು ಟೇಬಲ್ ಮೇಲಿಟ್ಟು ಎಡ ಮೊಣಕೈಯಲ್ಲಿ ಒತ್ತಿ ಹೊಲಿಯುತ್ತಾರಂತೆ. ಅಂದು ಬರುವಾಗಲೂ ಕುತ್ತಿಗೆಯಲ್ಲಿ ಟೇಪು ನೇತಾಡುತ್ತಿತ್ತು, ತೆಗೆಯೋದು ಮರೆತಿದ್ದರು. ಮೈಸೂರಿನ ಮಾತು ತೆಗೆದೆ.

"ನನಗೆ ಹೋಗೋಕೆ ಇಷ್ಟ ಇಲ್ಲ ಅಂತ ಯಾರು ಹೇಳಿದ್ದು?" ಅಂದರು.

"ನೀನೇ ಅಲ್ವಾ ಹೋಗ್ಬನ್ನಿ ಅಂದಿದ್ದು?"

"ಇನ್ನೇನ್ ಅನ್ಲಿ? ಬಾ, ಮೆಟ್ಲು ಬಂದ್ರೆ ನಾನು ಎತ್ಕೊಂಡುಬಿಡ್ತೀನಿ ಅಂತೀರಿ. ಜನರ ಮುಂದೆ ಎತ್ತಿ ಎತ್ತಿ ಇಡೋಕೆ ನಾನೇನು ನಿಮ್ಮ ಮಂಡಿ ಮೂಟೆನಾ?"

ಗಂಡ ತಲೆ ತಗ್ಗಿಸಿದರು. ಎತ್ತುವುದನ್ನು ಪ್ರೀತಿ ಅಂದುಕೊಂಡಿದ್ದರು. ಪ್ರೀತಿಯೇ, ಸುಳ್ಳಲ್ಲ. ಆದರೆ ಎತ್ತಿಸಿಕೊಳ್ಳುವವರಿಗೆ ಅದು ಹೇಗಿರುತ್ತದೆ ಅಂತ ಒಂದು ಸಲವೂ ಕೇಳಿರಲಿಲ್ಲ.

ನಿಜವಾದ ಭಯ ಹೊರಬಿದ್ದದ್ದು ಮಕ್ಕಳನ್ನು ಹೊರಗೆ ಆಡಲು ಕಳಿಸಿದ ಮೇಲೆ. ಅದು ಮೆಟ್ಟಿಲಿನ ಭಯವಲ್ಲ, ಬಾತ್‌ರೂಮಿನ ಭಯ. ಅಮ್ಮ ನಾಲ್ಕರಿಂದ ಆರು ಗಂಟೆಗೊಮ್ಮೆ ತಾವೇ ಕ್ಯಾಥೆಟರ್, ಅಂದರೆ ಒಂದು ತೆಳು ಕೊಳವೆ, ಹಾಕಿಕೊಂಡು ಮೂತ್ರ ತೆಗೆಯಬೇಕು. ಹೆಂಗಸರ ಟಾಯ್ಲೆಟ್ಟಿಗೆ ಗಂಡ ಬರುವ ಹಾಗಿಲ್ಲ. ಹಾಗಾಗಿ ಮಗಳು ಬರುತ್ತಾಳೆ. ಒಮ್ಮೆ ಮದುವೆಮನೆಯಲ್ಲಿ ಬಾಗಿಲು ಕಿರಿದಾಗಿ ಚೇರು ಹೋಗದೆ, ಮಗಳು ಸೀರೆ ಅಡ್ಡ ಹಿಡಿದು ನಿಂತಿದ್ದಳಂತೆ. ನಾಲ್ಕೈದು ಜನ ಹೆಂಗಸರು ಹೊರಗಿನ ಬಾಗಿಲು ಬಡಿಯುತ್ತಿದ್ದರು. ಅವತ್ತಿನಿಂದ ಎಲ್ಲಿಗೆ ಹೊರಟರೂ ಬೆಳಗ್ಗೆಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸಿದ್ದಾರೆ. ಒಂದು ವರ್ಷದಲ್ಲಿ ಮೂರು ಸಲ ಮೂತ್ರದ ಸೋಂಕು, ಜ್ವರ.

ಮೊದಲ ಸಲಹೆ ಇದಕ್ಕೇ. ನೀರು ಬಿಡುವುದು ದಾರಿಯಲ್ಲ. ಸೋಂಕಿಗೆ ಅದೂ ಒಂದು ಕಾರಣ. ಎಷ್ಟು ನೀರು, ಎಷ್ಟು ಹೊತ್ತಿಗೊಮ್ಮೆ ಕ್ಯಾಥೆಟರ್ ಅಂತ ಪ್ರಯಾಣಕ್ಕೆ ಮುಂಚೆ ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ ಅಂದೆ. ಇನ್ನೊಂದು ಮಾತೂ ಹೇಳಿದೆ. ಕ್ಯಾಥೆಟರಿಗೆ ಕಮೋಡೇ ಬೇಕು ಅಂತಿಲ್ಲ. ಕೈ ತೊಳೆಯಲು ನೀರು, ಸೋಪು, ಮರೆ, ಒಂದು ಚೀಲ ಇದ್ದರೆ ಕಾರಿನ ಸೀಟಿನಲ್ಲೂ ಆಗುತ್ತದೆ. ಕಾರಿನ ಕಿಟಕಿಗೆ ಪರದೆ ಹೊಲಿಯಲು ಇವರಿಗಿಂತ ಬೇಕಾ?

ಎರಡನೆಯದು ಗಂಡನಿಗೆ. ಕ್ಯಾಥೆಟರ್ ಬ್ಯಾಗು ಇನ್ನು ಮಗಳ ಹೆಗಲಿನಲ್ಲಿ ಇರಕೂಡದು. ಚೇರನ್ನು ಹೊಸಲು ದಾಟಿಸುವುದು, ಮಂಚದಿಂದ ಚೇರಿಗೆ ಹೋಗುವಾಗ ಕೈ ಕೊಡುವುದು, ಹದಿನೈದು-ಇಪ್ಪತ್ತು ನಿಮಿಷಕ್ಕೊಮ್ಮೆ ಚೇರಿನ ಕೈ ಮೇಲೆ ಭಾರ ಹಾಕಿ ಮೈ ಎತ್ತಿಕೋ ಅಂತ ನೆನಪಿಸುವುದು, ಎಲ್ಲ ನೀವು ಕಲಿಯಿರಿ ಅಂದೆ. ಕೂತಲ್ಲೇ ಕೂತರೆ ಒತ್ತಿದ ಜಾಗದಲ್ಲಿ ಹುಣ್ಣಾಗುತ್ತದೆ. ಸ್ಪರ್ಶ ಗೊತ್ತಾಗದವರಿಗೆ ಅದು ಶುರುವಾದದ್ದೇ ತಿಳಿಯುವುದಿಲ್ಲ. "ಮಗಳಿಗೆ ಎಲ್ಲ ಗೊತ್ತು ಮೇಡಂ, ಚೆನ್ನಾಗಿ ಮಾಡ್ತಾಳೆ" ಅಂದರು, ಹೆಮ್ಮೆಯಿಂದಲೇ. ಹೌದು, ಚೆನ್ನಾಗಿ ಮಾಡುತ್ತಾಳೆ. ಅದೇ ತಾನೇ ತೊಂದರೆ. ಮಕ್ಕಳು ಅಮ್ಮನಿಗೆ ಒಂದು ಲೋಟ ನೀರು ಕೊಡಲಿ, ಬೇಡ ಅನ್ನಲ್ಲ. ಆದರೆ ತಾನು ಪಕ್ಕದಲ್ಲಿ ಇಲ್ಲದಿದ್ದರೆ ಅಮ್ಮನಿಗೆ ಏನಾಗುತ್ತದೋ ಅಂತ ಹನ್ನೆರಡರ ಮಗು ಶಾಲೆಯಲ್ಲಿ ಕೂತು ಯೋಚಿಸುತ್ತಿದ್ದರೆ ಅದು ಸಹಾಯ ಅಲ್ಲ, ನೌಕರಿ.

ಮೂರನೆಯದು ಅಮ್ಮನಿಗೆ. ಟೂರಿನ ಪ್ಲಾನ್ ನೀವೇ ಮಾಡಿ ಅಂದೆ. ಊರು, ದಿನ, ಲಾಡ್ಜು, ಎಲ್ಲ. ಗಂಡ ದುಡ್ಡೆಷ್ಟು ಅಂತ ಹೇಳಲಿ, ಅಷ್ಟೇ.

ಅವರು ಮೊದಲು ಮಾಡಿದ್ದು ಮೈಸೂರನ್ನು ಮುಂದಕ್ಕೆ ಹಾಕಿದ್ದು. ನನಗೆ ಖುಷಿಯಾಯಿತು. ದಸರಾ ಜನಜಂಗುಳಿಯಲ್ಲಿ ಕಾಲಿರುವವರೇ ನಲುಗಿಹೋಗುತ್ತಾರೆ. "ಮೊದಲು ಬೆಂಗಳೂರು. ಒಂದೇ ರಾತ್ರಿ. ಆಗಲಿಲ್ಲ ಅಂದ್ರೆ ಎಪ್ಪತ್ತು ಕಿಲೋಮೀಟರ್, ವಾಪಸ್ ಬಂದುಬಿಡೋದು" ಅಂದರು. ಮೊದಲ ಟೂರಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ನನಗೂ ಹೊಳೆಯುತ್ತಿರಲಿಲ್ಲ.

ಆಮೇಲೆ ಟೇಪು ಕೆಲಸಕ್ಕೆ ಬಂತು. ತಮ್ಮ ಚೇರಿನ ಅಗಲ ಅಳೆದರು, ಇಪ್ಪತ್ತೈದೂವರೆ ಇಂಚು. ಕೈ ಆಡಲು ಜಾಗ ಸೇರಿಸಿ ಇಪ್ಪತ್ತೆಂಟು. ಸೀಟಿನ ಎತ್ತರ ಇಪ್ಪತ್ತು. ಮಂಚವೂ ಹೆಚ್ಚುಕಮ್ಮಿ ಅಷ್ಟೇ ಎತ್ತರ ಇರಬೇಕು, ಇಲ್ಲದಿದ್ದರೆ ಜರುಗಲು ಆಗುವುದಿಲ್ಲ. ಬ್ಲೌಸಿನ ಅಳತೆ ಬರೆಯುವ ಪುಸ್ತಕದಲ್ಲೇ ಒಂದು ಹಾಳೆಯಲ್ಲಿ ಇದನ್ನೆಲ್ಲ ಬರೆದರು, ಮೇಲೆ ತಮ್ಮ ಹೆಸರು ಹಾಕಿ, ಗಿರಾಕಿಯ ಥರ.

ಲಾಡ್ಜುಗಳಿಗೆ ಫೋನ್ ಮಾಡುವಾಗ ಮೊದಲೆರಡು ಕಡೆ "ವೀಲ್‌ಚೇರ್ ಬರುತ್ತಾ?" ಅಂತ ಕೇಳಿದ್ದರಂತೆ. "ಬರುತ್ತೆ ಮೇಡಂ, ನಮ್ಮ ಹುಡುಗರು ಎತ್ಕೊಂಡು ಬರ್ತಾರೆ!" ಆ ಪ್ರಶ್ನೆಯನ್ನು ಬಿಟ್ಟುಬಿಡಿ ಅಂದೆ. ರಸ್ತೆಯಿಂದ ಮಂಚದವರೆಗೆ ಎಷ್ಟು ಮೆಟ್ಟಿಲು ಅಂತ ಕೇಳಿ. ಲಿಫ್ಟ್ ಇದೆ ಅಂದರೆ ಲಿಫ್ಟಿಗೆ ಮುಂಚೆ ಎಷ್ಟು ಮೆಟ್ಟಿಲು ಅಂತ ಕೇಳಿ. ಬಾತ್‌ರೂಮ್ ಬಾಗಿಲಿಗೆ ಅಡ್ಡ ಟೇಪು ಹಿಡಿದು ಒಂದು ಫೋಟೊ ವಾಟ್ಸಾಪ್ ಮಾಡಿ ಅನ್ನಿ. ರ‍್ಯಾಂಪ್ ಇದೆ ಅಂದರೆ ಅದರದ್ದೂ ಫೋಟೊ ಬೇಕು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಅನ್ನೋದು ನಿಯಮ. ಆರು ಇಂಚಿನ ಮೆಟ್ಟಿಲಿಗೂ ಆರು ಅಡಿ ಬೇಕು. ಸ್ಕೂಟರ್ ಹತ್ತಿಸಲು ಹಾಕಿದ ಸಿಮೆಂಟ್ ಇಳಿಜಾರನ್ನೇ ಎಷ್ಟೋ ಕಡೆ ರ‍್ಯಾಂಪ್ ಅಂತಾರೆ. ಅಂಗವಿಕಲರ ಹಕ್ಕುಗಳಿಗೆ 2016ರ ಕಾಯ್ದೆ ಇದೆ, ಖಾಸಗಿ ಕಟ್ಟಡಗಳಿಗೂ ಅನ್ವಯಿಸುತ್ತದೆ. ಆದರೆ ಲಾಡ್ಜಿನ ಬಾತ್‌ರೂಮ್ ಬಾಗಿಲು ಕಾಯ್ದೆ ಓದಿರೋದಿಲ್ಲವಲ್ಲ.

ಹನ್ನೊಂದು ಕಡೆ ಕೇಳಿದರು. ಫೋಟೊ ಕಳಿಸಿದ್ದು ಮೂರು ಕಡೆಯವರು. ಎರಡರಲ್ಲಿ ಬಾಗಿಲು ಇಪ್ಪತ್ತನಾಲ್ಕು ಇಂಚು. ಒಂದರಲ್ಲಿ ಮೂವತ್ತು, ಹೊಸಲೂ ಇಲ್ಲ. ಬಾಡಿಗೆ ಸ್ವಲ್ಪ ಜಾಸ್ತಿ. ಗಂಡ ಚೌಕಾಸಿಗೆ ಹೊರಟಾಗ "ಆರು ಇಂಚಿಗೆ ಆರುನೂರು ರೂಪಾಯಿ ಜಾಸ್ತಿ, ಕೊಡಿ" ಅಂದರಂತೆ.

ದಾರಿಯೂ ಅವರೇ ಹುಡುಕಿದ್ದು. ಪರಿಚಯದವರ ಕಾರು ತುಮಕೂರು ರಸ್ತೆಯ ಮಾದಾವರದವರೆಗೆ ಮಾತ್ರ. 2024ರ ನವೆಂಬರಿನಿಂದ ಮೆಟ್ರೊ ಹಸಿರು ಮಾರ್ಗ ಅಲ್ಲಿಯವರೆಗೆ ಬಂದಿದೆ. ಸ್ಟೇಷನ್ನಿನಲ್ಲಿ ಲಿಫ್ಟ್ ಇದೆ, ಬೋಗಿಯಲ್ಲಿ ವೀಲ್‌ಚೇರಿಗೆ ಜಾಗ ಇದೆ, ಲಾಲ್‌ಬಾಗಿಗೆ ರೈಲು ಬದಲಿಸುವ ಗೋಜೇ ಇಲ್ಲ. ಬಸ್ಸಿನಲ್ಲಾದರೆ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಉಚಿತ, ನಿಜ. ಬಾಗಿಲಿನ ಮೂರು ಮೆಟ್ಟಿಲು ಹತ್ತಬೇಕಲ್ಲ.

ದಿನಕ್ಕೆ ಒಂದೇ ಜಾಗ ಅಂತ ನಾನು ಹಟ ಹಿಡಿದೆ. ಮಕ್ಕಳಿರುವ ಮನೆಗೂ ಅದೇ ಒಳ್ಳೆಯದು. ಶನಿವಾರ ಲಾಲ್‌ಬಾಗ್, ಭಾನುವಾರ ಕಬ್ಬನ್ ಪಾರ್ಕ್. ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ, ಡಾಂಬರು ರಸ್ತೆಯೆಲ್ಲ ನಡೆಯುವವರದ್ದೇ.

ಒಂದು ಮಾತಿಗೆ ಮಾತ್ರ ಮನೆಯಲ್ಲಿ ಜಗಳವಾಯಿತು. ಲಾಲ್‌ಬಾಗಿನ ಬಂಡೆ. ಮುನ್ನೂರು ಕೋಟಿ ವರ್ಷದ ಬಂಡೆ ಅಂತ ಮಗ ಎಲ್ಲೋ ಕೇಳಿದ್ದ, ಹತ್ತಲೇಬೇಕು. ಅಮ್ಮ ಹತ್ತುವ ಹಾಗಿಲ್ಲ. "ಹಾಗಾದ್ರೆ ಯಾರೂ ಹತ್ತೋದು ಬೇಡ" ಅಂದರು ಅಪ್ಪ. ಮಗಳೂ ಹೂಂಗುಟ್ಟಿದಳು. ಇದನ್ನು ನಾನು ಒಪ್ಪಲಿಲ್ಲ. ಅಮ್ಮನಿಂದಾಗಿ ತಪ್ಪಿಹೋದದ್ದು ಅಂತ ಮಕ್ಕಳ ಮನಸ್ಸಿನಲ್ಲಿ ಒಂದು ಪಟ್ಟಿ ಬೆಳೆಯುತ್ತದೆ, ಅಮ್ಮನ ಮನಸ್ಸಿನಲ್ಲಿ ಅದಕ್ಕಿಂತ ಉದ್ದದ್ದು. ನೀವೇನಂತೀರಿ ಅಂತ ಅವರನ್ನೇ ಕೇಳಿದೆ. "ಹತ್ತಿ ಬರಲಿ. ನನ್ನನ್ನ ಮರದ ಕೆಳಗೆ ಬಿಟ್ಟು, ಫೋನ್ ಕೊಟ್ಟು ಹೋಗಲಿ. ಅರ್ಧ ಗಂಟೆ ನನ್ನ ಯಾರೂ ನೋಡ್ಕೋಬೇಡಿ" ಅಂದರು.

ಹೋಗಿ ಬಂದರು. ಎಲ್ಲ ಸಲೀಸಾಗಿ ಆಯಿತು ಅಂತಲ್ಲ. ಫುಟ್‌ಪಾತಿನ ಕಲ್ಲಿಗೆ ಬಡಿದು ಕಾಲಿಡುವ ಪಟ್ಟಿಯ ನಟ್ಟು ಬಿದ್ದುಹೋಗಿತ್ತು. ಸೈಕಲ್ ಅಂಗಡಿಯವನೊಬ್ಬ ಹಳೆ ನಟ್ಟು ಹುಡುಕಿ ಬಿಗಿದು, ದುಡ್ಡು ಬೇಡ ಅಂದನಂತೆ. ಲಾಡ್ಜಿನ ಬಾತ್‌ರೂಮಿನ ನೆಲ ಜಾರುತ್ತಿತ್ತು. ಬಾಗಿಲು ಕೇಳಿದ್ದೆವು, ನೆಲದ ಮಾತು ನನಗೂ ಹೊಳೆದಿರಲಿಲ್ಲ. ಒದ್ದೆ ಟವೆಲ್ ಹಾಸಿ ಗಂಡ ಹಿಡಿದುಕೊಂಡರು. ಮುಂದಿನ ಸಲಕ್ಕೆ ರಬ್ಬರ್ ಮ್ಯಾಟು ಪಟ್ಟಿಗೆ ಸೇರಿದೆ. ಭಾನುವಾರ ಪಾರ್ಕಿನಲ್ಲಿ ಮಗ ಅಮ್ಮನ ತೊಡೆ ಮೇಲೆ ಕೂತು "ರೈಟ್ ರೈಟ್" ಅಂತ ಕಂಡಕ್ಟರ್ ಆಗಿದ್ದನಂತೆ. ತೊಡೆ ಮೇಲೆ ಜಾಸ್ತಿ ಹೊತ್ತು ಕೂರಿಸಬೇಡಿ, ಚರ್ಮ ನೋಡಿಕೊಳ್ಳಿ ಅಂದೆ. "ನೋಡ್ಕೊಂಡೆ ಮೇಡಂ, ಕನ್ನಡೀಲಿ" ಅಂದರು.

ಬಂಡೆ ಮೇಲಿನಿಂದ ಮಗಳು ನಾಲ್ಕು ಸಲ ಫೋನ್ ಮಾಡಿದ್ದಳು. ಮೊದಲೆರಡು ಸಲ ಅಮ್ಮ ಎತ್ತಿದರು. ಆಮೇಲೆ ಎತ್ತಲಿಲ್ಲ. ಕಡಲೆಕಾಯಿ ತಿನ್ನುತ್ತಿದ್ದರು. ಮಗಳು ಓಡಿ ಬಂದು ನೋಡಿದರೆ ಪಕ್ಕದ ಬೆಂಚಿನ ಹೆಂಗಸಿಗೆ ಬ್ಲೌಸಿನ ತೋಳು ಯಾಕೆ ಎಳೆಯುತ್ತದೆ ಅಂತ ವಿವರಿಸುತ್ತಿದ್ದರು. ಹುಡುಗಿಗೆ ಸಿಟ್ಟು ಬಂತು. ಈ ಸಿಟ್ಟಿನ ಬಗ್ಗೆ ನಾವಿಬ್ಬರೂ ಇನ್ನೂ ಎರಡು ಸಲ ಕೂತು ಮಾತಾಡಿದೆವು. ಮುಂದಿನ ಶಾಲೆ ಟೂರಿಗೆ ಹೆಸರು ಕೊಟ್ಟಿದ್ದಾಳೆ. ಈವರೆಗೆ ತೆಗೆಸಿಲ್ಲ.

ಮೈಸೂರು ಜನವರಿಗೆ. ಮೃಗಾಲಯಕ್ಕೆ ಮಂಗಳವಾರ ರಜೆ ಅಂತ ಅಳತೆ ಪುಸ್ತಕದಲ್ಲಿ ಆಗಲೇ ಬರೆದಾಗಿದೆ.

ನಾನು ಕೋಣೆ ಬದಲಿಸಿದೆ. ಈಗ ನೆಲಮಹಡಿ. ಕೊನೆಯ ಭೇಟಿಗೆ ಬಂದಾಗ ಅಮ್ಮ ಒಳಗೆ ಬರುವ ಮುಂಚೆ ಬಾಗಿಲಲ್ಲೇ ಚೇರು ನಿಲ್ಲಿಸಿ ಟೇಪು ಬಿಚ್ಚಿದರು. "ಇಪ್ಪತ್ತೊಂಬತ್ತು. ಆಗುತ್ತೆ. ಈ ಹೊಸಲೊಂದು ತೆಗೆಸಿಬಿಡಿ ಮೇಡಂ." ಬಡಗಿ ಬರುವ ಭಾನುವಾರ ಬರ್ತೀನಿ ಅಂದಿದ್ದಾನೆ.