ತುಕ್ಕು ಹಿಡಿದ ಷೆವರ್ಲೆಗೆ 16,500 ಡಾಲರ್

ಮಿಷಿಗನ್‌ಗೆ ಬಂದು ಆರು ತಿಂಗಳಾಯಿತು, ಟ್ರಾಯ್‌ನಲ್ಲಿ ಕಚೇರಿಗೆ ಹೋಗುವ ದಾರಿಯಲ್ಲಿ 1951ರ ಷೆವರ್ಲೆ ಟ್ರಕ್ಕೊಂದು ಮಾರಾಟಕ್ಕೆ ನಿಂತಿದೆ, ಮೈಯೆಲ್ಲ ತುಕ್ಕು, ಆದರೂ 16,500 ಡಾಲರ್ ಹೇಳುತ್ತಿದ್ದಾರೆ, ಕೊಡಬಹುದೇ ಎಂದು ಕೇಳಿದ್ದೀರಿ. ತೀರ್ಥಹಳ್ಳಿಯಲ್ಲಿ ನಿಮ್ಮ ಅಜ್ಜ ಅಡಿಕೆ ಸಾಗಿಸುತ್ತಿದ್ದ ಲಾರಿಗೂ ಇದೇ ಮೂತಿ ಇತ್ತು, ಅವರು ಅದನ್ನು ಕಾಲಿನಿಂದ ಒತ್ತಿ ಸ್ಟಾರ್ಟ್ ಮಾಡುತ್ತಿದ್ದುದನ್ನು ನಿಮ್ಮ ತಂದೆ ಈಗಲೂ ಹೇಳುತ್ತಾರೆ ಎಂದೂ ಬರೆದಿದ್ದೀರಿ. ಆ ಕೊನೆಯ ಮಾತು ಇಲ್ಲದಿದ್ದರೆ ಎರಡು ಸಾಲಿನಲ್ಲಿ ಉತ್ತರಿಸಿ ಮುಗಿಸುತ್ತಿದ್ದೆ.

ಮೊದಲಿಗೆ, ಅದು ಗುಜರಿಯಲ್ಲ. ಇಲ್ಲಿಯವರು ಅದನ್ನು ರ‍್ಯಾಟ್ ರಾಡ್ ಎನ್ನುತ್ತಾರೆ. ಹಳೆಯ ಗಾಡಿಯ ಮೇಲ್ಮೈಯನ್ನು ಬೇಕೆಂದೇ ತುಕ್ಕಿನಲ್ಲಿ ಬಿಟ್ಟು, ಕೆಳಗಿನದನ್ನೆಲ್ಲ ಬದಲಿಸುತ್ತಾರೆ. ಕ್ಯಾಬಿನ್ನಿನ ಕಂಬಗಳನ್ನು ಕೊಯ್ದು ಚಾವಣಿ ತಗ್ಗಿಸುತ್ತಾರೆ, ಗಾಡಿಯನ್ನು ನೆಲಕ್ಕೆ ತಾಗುವಷ್ಟು ಇಳಿಸುತ್ತಾರೆ, ಮೂಲ ಚಾಸಿಯನ್ನು, ಅಂದರೆ ಅಡಿಯ ಉಕ್ಕಿನ ಚೌಕಟ್ಟನ್ನು, ತೆಗೆದುಹಾಕಿ ಷೆವರ್ಲೆ ಎಸ್‌-10 ಪಿಕಪ್ಪಿನ ಚಾಸಿಯ ಮೇಲೆ ಕೂರಿಸುತ್ತಾರೆ, 216 ಘನ ಇಂಚಿನ ಆರು ಸಿಲಿಂಡರಿನ ಹಳೆಯ ಎಂಜಿನ್ನಿನ ಜಾಗಕ್ಕೆ 350 ಘನ ಇಂಚಿನ, ಎಂಟು ಸಿಲಿಂಡರಿನ ವಿ8 ಬರುತ್ತದೆ. ನೀವು ಹಣ ಕೊಡುವುದು ತುಕ್ಕಿಗಲ್ಲ, ಯಾರೋ ಒಬ್ಬರು ಎರಡು ಚಳಿಗಾಲ ಗ್ಯಾರೇಜಿನಲ್ಲಿ ಕುಳಿತು ಹಾಕಿದ ಬೆಸುಗೆಗೆ. ಬೆಸುಗೆ ಒಳ್ಳೆಯದಾಗಿದ್ದರೆ ಆ ಹಣ ಹೆಚ್ಚೇನೂ ಅಲ್ಲ. ಹೊಸ ಬ್ರೇಕ್, ವೈರಿಂಗ್, ರೇಡಿಯೇಟರ್, ಟಯರ್‌, ಗೇರ್‌ಬಾಕ್ಸ್ ಎಂದು ಲೆಕ್ಕ ಹಾಕಿದರೆ ಕಟ್ಟಿದವರಿಗೆ ಕೂಲಿಯೂ ಗಿಟ್ಟಿರುವುದಿಲ್ಲ.

ಕೆಟ್ಟದಾಗಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಅನುಭವಿಸಿದ್ದೇನೆ. 2013ರಲ್ಲಿ 11,000 ಡಾಲರ್ ಕೊಟ್ಟು 1949ರ ಫೋರ್ಡ್ ಎಫ್‌-1 ಒಂದನ್ನು ತಂದೆ. ಮಾರಿದವರು ಮಾತಿನಲ್ಲಿ ಸಜ್ಜನರು, ಗಾಡಿ ಒಂದೇ ತಿರುವಿಗೆ ಸ್ಟಾರ್ಟ್ ಆಯಿತು, ನಾನು ಕಾಲಡಿಯ ರಬ್ಬರ್ ಹಾಸನ್ನು ಎತ್ತಿ ನೋಡಲಿಲ್ಲ. ಮನೆಗೆ ತಂದ ಮೂರನೆಯ ದಿನ ಎತ್ತಿದೆ. ಸ್ಕ್ರೂಡ್ರೈವರ್ ತುದಿ ಊರಿದರೆ ತಗಡು ಹಪ್ಪಳದಂತೆ ಮುರಿದು ಕೆಳಗಿನ ಸಿಮೆಂಟು ನೆಲ ಕಾಣಿಸಿತು. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಕ್ಯಾಬಿನ್ನಿನ ಹಿಂದಿನ ಮೂಲೆಗೆ ಹಿಡಿದೆ. ಅಂಟದೆ ಕೈಗೇ ಜಾರಿತು. ಅಲ್ಲಿದ್ದದ್ದು ಬೆರಳು ದಪ್ಪದ ಪುಟ್ಟಿ, ಅದರ ಮೇಲೆ ತುಕ್ಕಿನ ಬಣ್ಣ. ಸ್ಟೀರಿಂಗ್ ಬಾಕ್ಸನ್ನು ಚಾಸಿಗೆ ಹಿಡಿಸಿದ್ದ ಪಟ್ಟಿಯ ಬೆಸುಗೆ ಆರಿದ ಮೇಣದಂತೆ ಗಂಟುಗಂಟಾಗಿತ್ತು, ನಡುವೆ ಕೂದಲೆಳೆಯಷ್ಟು ಸೀಳು. ಆ ಸೀಳಿನ ಮೇಲೆ ನನ್ನ ಹೆಂಡತಿಯನ್ನೂ ಮಗಳನ್ನೂ ಕೂರಿಸಿಕೊಂಡು ಎರಡು ಸಂಜೆ ಸುತ್ತಿ ಬಂದಿದ್ದೆ. ಈಗ ನೆನೆದರೂ ಹೊಟ್ಟೆಯಲ್ಲಿ ತಣ್ಣಗಾಗುತ್ತದೆ. ರಿಪೇರಿಗೆ 7,400 ಡಾಲರ್ ಸುರಿದು, ಕೊನೆಗೆ ಎಲ್ಲವನ್ನೂ ಮುಚ್ಚಿಡದೆ ಹೇಳಿ 9,000ಕ್ಕೆ ಮಾರಿದೆ.

ಮಿಷಿಗನ್ನಿನಲ್ಲಿ ವಾಹನಗಳಿಗೆ ವಾರ್ಷಿಕ ಸುರಕ್ಷತಾ ತಪಾಸಣೆ ಎಂಬುದಿಲ್ಲ. ಚಾಸಿಯ ಕೆಳಗೆ ಬಗ್ಗಿ ನೋಡುವ ಅಧಿಕಾರಿಯೂ ನೀವೇ, ಮೆಕ್ಯಾನಿಕ್ಕೂ ನೀವೇ. ತುಕ್ಕಿನಲ್ಲೂ ಜಾತಿಗಳಿವೆ. ಅರಿಜೋನಾದಂತಹ ಒಣ ಪ್ರದೇಶದ ತುಕ್ಕು ಚರ್ಮದ ಮೇಲಿನ ಕಂದು. ಒಳಗಿನ ತಗಡು ಗಟ್ಟಿಯಾಗಿರುತ್ತದೆ. ನಮ್ಮಲ್ಲಿಯದು ಉಪ್ಪಿನ ತುಕ್ಕು. ಡೆಟ್ರಾಯಿಟ್ ನಗರದ ಕೆಳಗೆ ಸಾವಿರ ಅಡಿಗೂ ಆಳದಲ್ಲಿ ಉಪ್ಪಿನ ಗಣಿಯೇ ಇದೆ, ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದು ಚಾಸಿಯನ್ನು ಒಳಗಿನಿಂದ ಗೆದ್ದಲಿನಂತೆ ತಿನ್ನುತ್ತದೆ. ಮೂರನೆಯದು ತಯಾರಿಸಿದ ತುಕ್ಕು: ಬಣ್ಣ ಕೆರೆದು ವಿನಿಗರ್, ಉಪ್ಪು, ಹೈಡ್ರೋಜನ್ ಪೆರಾಕ್ಸೈಡ್ ಸಿಂಪಡಿಸಿದರೆ ಕೆಲವೇ ಗಂಟೆಗಳಲ್ಲಿ ಎಪ್ಪತ್ತು ವರ್ಷದ ಮುಪ್ಪು ಬರುತ್ತದೆ. ನಿಜವಾದ ಮುಪ್ಪು ಎಲ್ಲೆಡೆ ಒಂದೇ ಬಗೆಯಾಗಿರುವುದಿಲ್ಲ. ಬಿಸಿಲು ಬೀಳುವ ಚಾವಣಿ, ಬಾನೆಟ್ ಬೋಳಾಗಿರುತ್ತವೆ, ಕೆಳಗೆ ಹಳೆಯ ಹಸಿರು ಬಣ್ಣ ಉಳಿದಿರುತ್ತದೆ, ಅದೃಷ್ಟವಿದ್ದರೆ ಬಾಗಿಲ ಮೇಲೆ ಯಾವುದೋ ಊರಿನ ಅಂಗಡಿಯ ಹೆಸರು ಮಾಸಲಾಗಿ ಓದಲು ಸಿಗುತ್ತದೆ. ನೀವು ಕಳುಹಿಸಿದ ಫೋಟೋದಲ್ಲಿ ತಲೆಯಿಂದ ಬುಡದವರೆಗೆ ಒಂದೇ ಕಿತ್ತಳೆ ಬಣ್ಣವಿದೆ. ನನಗೆ ಅದು ಹಿಡಿಸಲಿಲ್ಲ.

ಕಾಗದಪತ್ರ ನೋಡದೆ ಬೆಲೆಯ ಮಾತಿಗೇ ಹೋಗಬೇಡಿ. ನಮ್ಮ ಊರಿನ ಆರ್‌ಸಿ ಇದ್ದಂತೆ ಇಲ್ಲಿ ಟೈಟಲ್. ಅದರಲ್ಲಿರುವ ಸಂಖ್ಯೆ ಬಾಗಿಲ ಕಂಬಕ್ಕೆ ಹೊಡೆದ ಫಲಕದ ಸಂಖ್ಯೆಗೆ ಅಕ್ಷರಕ್ಕಕ್ಷರ ಹೊಂದಬೇಕು. ಹಿಂದೆ ಕೆಲವು ರಾಜ್ಯಗಳಲ್ಲಿ ಎಂಜಿನ್ ಸಂಖ್ಯೆಯನ್ನೇ ಟೈಟಲ್ಲಿನಲ್ಲಿ ಬರೆಯುತ್ತಿದ್ದರು; ಆ ಎಂಜಿನ್ ಗುಜರಿಗೆ ಹೋಗಿದ್ದರೆ ನಿಮ್ಮ ಕೈಯಲ್ಲಿ ಉಳಿಯುವುದು ಯಾವ ಗಾಡಿಗೂ ಸೇರದ ಕಾಗದ. ವೀಸಾ ಮೇಲೆ ಇರುವವರು ಇಂಥ ತಕರಾರಿನ ಹತ್ತಿರವೂ ಸುಳಿಯಬಾರದು. 16,500ರ ಮೇಲೆ ಶೇ 6ರಂತೆ 990 ಡಾಲರ್ ತೆರಿಗೆ ಬೇರೆ. ಹಳೆಯ ಗಾಡಿಗಳ ವಿಮೆಯವರು ಸಾಮಾನ್ಯವಾಗಿ ಬೀಗ ಹಾಕುವ ಗ್ಯಾರೇಜ್, ದಿನಬಳಕೆಗೆ ಬೇರೊಂದು ಕಾರು, ಕೆಲವು ವರ್ಷಗಳ ಚಾಲನಾ ದಾಖಲೆ ಕೇಳುತ್ತಾರೆ. ಆರು ತಿಂಗಳಲ್ಲಿ ಇದೆಲ್ಲ ನಿಮ್ಮ ಬಳಿ ಎಲ್ಲಿಂದ ಬರಬೇಕು?

ಈ ವರ್ಷ ಕೊಳ್ಳಬೇಡಿ ಎಂಬುದು ನನ್ನ ಮಾತು. ಆದರೆ ಅದಕ್ಕಿಂತ ದೊಡ್ಡ ಕಾರಣವೊಂದಿದೆ. ಷೆವರ್ಲೆ ತಯಾರಿಸುವ ಜನರಲ್ ಮೋಟರ್ಸ್ 1928ರಿಂದ 1954ರವರೆಗೆ ಮುಂಬಯಿಯಲ್ಲಿ ಗಾಡಿಗಳನ್ನು ಜೋಡಿಸುತ್ತಿತ್ತು. ನಿಮ್ಮ ಅಜ್ಜನ ಲಾರಿ ಅಲ್ಲಿಂದಲೇ ಘಟ್ಟ ಹತ್ತಿ ಬಂದಿರಬಹುದು. ಆ ಮೂತಿಯನ್ನು ಇಲ್ಲಿ ಕಂಡು ನಿಮ್ಮ ಮನಸ್ಸು ಕಲಕಿತು. ಹದಿನೆಂಟು ವರ್ಷ ಹೊರದೇಶದಲ್ಲಿದ್ದವನಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಆ ಟ್ರಕ್ಕಿನಲ್ಲಿ ಉಳಿದಿರುವುದು ಮೂತಿ ಮಾತ್ರ. ಎಂಜಿನ್ ಬೇರೆ, ಚಾಸಿ ಬೇರೆ, ಸ್ಟಾರ್ಟ್ ಮಾಡುವುದು ಕೀಲಿ ತಿರುಗಿಸಿ. ನಿಮ್ಮ ತಂದೆ ಹೇಳುವ ಸದ್ದು ಅದರಿಂದ ಹೊರಡುವುದಿಲ್ಲ. ಮುಂದೆ ಮನೆ, ಗ್ಯಾರೇಜ್ ಎಲ್ಲ ಆದಮೇಲೆ, ಅಂದವಿಲ್ಲದಿದ್ದರೂ ಮೂಲ ಎಂಜಿನ್ ಇರುವ, ಓಡುವ ಟ್ರಕ್ಕೊಂದನ್ನು ಹುಡುಕೋಣ. ಅದಕ್ಕೆ ನಾನೂ ಬರುತ್ತೇನೆ, ಅಯಸ್ಕಾಂತ ನನ್ನ ಜೇಬಿನಲ್ಲೇ ಇರುತ್ತದೆ.

ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ಆಗಸ್ಟ್ ತಿಂಗಳ ಮೂರನೆಯ ಶನಿವಾರ ವುಡ್‌ವರ್ಡ್ ಅವೆನ್ಯೂದಲ್ಲಿ ಡ್ರೀಮ್ ಕ್ರೂಸ್ ಎಂಬ ಹಳೆಯ ಗಾಡಿಗಳ ಮೆರವಣಿಗೆ ನಡೆಯುತ್ತದೆ. 1995ರಿಂದ ಶುರುವಾದದ್ದು, ನಿಮ್ಮ ಮನೆಗೆ ಹತ್ತಿರ. ಪ್ರತಿವರ್ಷ ಅಲ್ಲಿಗೆ 1950ರ ಷೆವರ್ಲೆ ಟ್ರಕ್ಕನ್ನು ತರುವ ಹಿರಿಯರೊಬ್ಬರ ಪರಿಚಯ ನನಗಿದೆ. ಅದರಲ್ಲಿ ಎಲ್ಲವೂ ಮೂಲದ್ದೇ, ಸ್ಟಾರ್ಟರ್ ಪೆಡಲ್ ಕೂಡ. ಬೆಳಿಗ್ಗೆ ಏಳಕ್ಕೆ ಬನ್ನಿ, ಆಗ ಎಂಜಿನ್ ತಣ್ಣಗಿರುತ್ತದೆ. ಒಮ್ಮೆ ನಿಮಗೆ ಒತ್ತಲು ಬಿಡಿ ಎಂದು ಅವರನ್ನು ಕೇಳುತ್ತೇನೆ. ಊರಿನಲ್ಲಿ ಆಗ ಸಂಜೆ ನಾಲ್ಕೂವರೆ. ತಂದೆಯವರಿಗೆ ಫೋನ್ ಹಚ್ಚಿ, ಬಾನೆಟ್ಟಿನ ಹತ್ತಿರ ಹಿಡಿಯಿರಿ.