15 ವರ್ಷ ಬಾಳಿಕೆ ಬರುವ, ಖರ್ಚು ಕಡಿಮೆಯ ವಾಟರ್ ಹೀಟರ್ ಯಾವುದು?

ವಿದ್ಯುತ್ ಗೀಸರ್, ಗ್ಯಾಸ್ ಗೀಸರ್, ಸೋಲಾರ್, ಹೀಟ್ ಪಂಪ್ ಇವುಗಳಲ್ಲಿ ಒಮ್ಮೆ ಹಾಕಿಸಿದರೆ 15 ವರ್ಷ ತಿರುಗಿ ನೋಡಬೇಕಿಲ್ಲದಂಥದ್ದು ಯಾವುದು ಎಂದು ನೀವು ಕೇಳಿದ್ದೀರಿ. ತಿರುಗಿ ನೋಡಬಾರದು ಎಂಬ ಇದೇ ಷರತ್ತನ್ನು ನಾನೂ ಒಮ್ಮೆ ಅಂಗಡಿಯವರ ಮುಂದೆ ಇಟ್ಟಿದ್ದೆ. ಅಂದು ತಂದ 25 ಲೀಟರಿನ ವಿದ್ಯುತ್ ಗೀಸರ್ 5 ವರ್ಷ ತುಂಬುವ ಮೊದಲೇ ತೂತಾಗಿ ಗುಜರಿ ಸೇರಿತು. ಅದನ್ನು ಕೊಂದದ್ದು 3ನೇ ವರ್ಷದಲ್ಲಿ ನಾನು ಆಡಿದ ‘ಬೇಡ’ ಎಂಬ ಒಂದು ಮಾತು.

ನಮ್ಮದು ಕೊಳವೆ ಬಾವಿಯ ಗಡಸು ನೀರು. 3ನೇ ವರ್ಷದ ಹೊತ್ತಿಗೆ ಗೀಸರಿನ ಒಳಗಿನಿಂದ ಪಟಪಟ ಸದ್ದು ಕೇಳತೊಡಗಿತು. ಕಾಯಿಲ್ ಮೇಲೆ ಕಟ್ಟಿದ ಸುಣ್ಣದ ಪದರದ ಅಡಿಯಲ್ಲಿ ಸಿಕ್ಕಿಕೊಂಡ ನೀರು ಅಲ್ಲಿಯೇ ಕುದಿದು ಸಿಡಿಯುವ ಸದ್ದು ಅದೆಂದು ತಿಳಿಯದೆ ಏಳೆಂಟು ತಿಂಗಳು ಕೇಳಿಸಿಕೊಂಡೇ ಸ್ನಾನ ಮಾಡಿದೆವು. ಕೊನೆಗೊಂದು ಬೆಳಿಗ್ಗೆ ನೀರು ಕಾಯಲೇ ಇಲ್ಲ. ಬಂದ ಮೆಕ್ಯಾನಿಕ್ ಗೀಸರನ್ನು ಗೋಡೆಯಿಂದ ಇಳಿಸಿ ಕೆಳಮುಚ್ಚಳ ಬಿಚ್ಚಿದಾಗ ನೀರಿನ ಜೊತೆಗೆ ಎರಡು ಬೊಗಸೆಯಷ್ಟು ಬಿಳಿ ಚಕ್ಕೆಗಳು ಬಕೆಟ್ಟಿಗೆ ಸುರಿದವು. ಸುಟ್ಟುಹೋದ ಕಾಯಿಲನ್ನು ಪಕ್ಕಕ್ಕಿಟ್ಟು, ಅದರ ಜೊತೆಗೇ ಹೊರಬಂದ ಇನ್ನೊಂದು ಸಲಾಕೆಯನ್ನು ಅವರು ನನ್ನ ಕೈಗೆ ಕೊಟ್ಟರು. ಹೊಸದರಲ್ಲಿ ಹೆಬ್ಬೆರಳಿನಷ್ಟು ದಪ್ಪವಿರುತ್ತದಂತೆ. ನನ್ನ ಕೈಯಲ್ಲಿದ್ದದ್ದು ನಡುವಿನ ಉಕ್ಕಿನ ತಂತಿ ಮಾತ್ರ. ಅದಕ್ಕೆ ಅಲ್ಲಲ್ಲಿ ಹುಳು ತಿಂದಂಥ ಬೂದು ಗಂಟುಗಳು ಅಂಟಿಕೊಂಡಿದ್ದವು, ಮುಟ್ಟಿದರೆ ಉದುರುತ್ತಿದ್ದವು.

‘ಸರ್, ಆನೋಡ್ ಪೂರ್ತಿ ಮುಗಿದಿದೆ, ಕಾಯಿಲ್ ಜೊತೆಗೆ ಇದನ್ನೂ ಹಾಕಿಬಿಡೋಣ’ ಎಂದರು. ಬಿಲ್ ಬೆಳೆಸುವ ಉಪಾಯವಿದು ಎಂದು ನನಗೆ ಅನ್ನಿಸಿತು. ‘ನೀರು ಕಾಯಿಸುವುದು ಕಾಯಿಲ್ ತಾನೆ, ಅದನ್ನಷ್ಟೇ ಹಾಕಿ ಸಾಕು, ಇದು ಬೇಡ’ ಎಂದೆ. ಅವರು ಎರಡನೆಯ ಸಲ ಹೇಳಲಿಲ್ಲ. ಆ ತಂತಿಯನ್ನೇ ಮತ್ತೆ ತಿರುಪಿ, ಒಂದು ಕಾಗದಕ್ಕೆ ನನ್ನ ಸಹಿ ಹಾಕಿಸಿಕೊಂಡು ಹೋದರು.

ಈ ಸಲಾಕೆ ಮಾಡುವ ಕೆಲಸವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲವಾದ್ದರಿಂದ ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ. ಸಾಮಾನ್ಯ ಗೀಸರಿನ ಟ್ಯಾಂಕು ಉಕ್ಕಿನದು. ನೀರು ತಾಗಬಾರದೆಂದು ಅದರ ಒಳಮೈಗೆ ಗಾಜಿನಂಥ ಎನಾಮಲ್ ಲೇಪಿಸಿ ಸುಟ್ಟಿರುತ್ತಾರೆ. ಆದರೆ ವೆಲ್ಡಿಂಗ್ ಮಾಡಿದ ಅಂಚುಗಳಲ್ಲಿ, ಪೈಪು ಕೂರಿಸಿದ ಕಡೆಗಳಲ್ಲಿ ಆ ಲೇಪ ಸೂಜಿಮೊನೆಯಷ್ಟಾದರೂ ಬಿಟ್ಟಿರುತ್ತದೆ, ಮತ್ತು ಅಷ್ಟು ಜಾಗ ತುಕ್ಕಿಗೆ ಸಾಕು. ಆನೋಡ್ ಸಲಾಕೆ ಮೆಗ್ನೀಷಿಯಮ್‌ನದು. ಕಬ್ಬಿಣಕ್ಕಿಂತ ಮೆಗ್ನೀಷಿಯಮ್ ಸುಲಭವಾಗಿ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆಯಾದ್ದರಿಂದ, ಎರಡೂ ಒಂದಕ್ಕೊಂದು ಜೋಡಿಸಿಕೊಂಡು ಒಂದೇ ನೀರಿನಲ್ಲಿರುವಷ್ಟು ಕಾಲ ಮೆಗ್ನೀಷಿಯಮ್ ಕರಗುತ್ತದೆ, ಕಬ್ಬಿಣ ಉಳಿಯುತ್ತದೆ. ಅದು ಕರಗಿ ಮುಗಿದ ದಿನ ಟ್ಯಾಂಕಿನ ಸರದಿ ಶುರುವಾಗುತ್ತದೆ. ನಾನು ಮೋಸಹೋದದ್ದು ಇಲ್ಲಿಯೇ, ಏಕೆಂದರೆ ಆ ದಿನ ಯಾವುದೆಂದು ಗೊತ್ತಾಗುವುದೇ ಇಲ್ಲ. ನೀರು ಎಂದಿನಂತೆ ಕಾಯುತ್ತದೆ, ಕೆಂಪು ದೀಪ ಎಂದಿನಂತೆ ಹೊತ್ತಿ ಆರುತ್ತದೆ, ಹೊಸ ಕಾಯಿಲ್ ಹಾಕಿಸಿದ ಮೇಲಂತೂ ಮೊದಲಿಗಿಂತ ಬೇಗನೆ ಕಾಯಿತು. ನಾನು ದುಡ್ಡು ಉಳಿಸಿದೆನೆಂದು ಮನೆಯಲ್ಲಿ ಹೇಳಿಕೊಂಡೆ ಕೂಡ. ಮನೆಯಲ್ಲಿ ವಾಟರ್ ಸಾಫ್ಟ್ನರ್ ಇದೆ, ಚಿಂತೆಯಿಲ್ಲ ಎಂದು ನೀವು ಅಂದುಕೊಳ್ಳಬಹುದು. ಸಾಫ್ಟ್ನರ್ ಸುಣ್ಣ ಕಟ್ಟುವುದನ್ನು ತಪ್ಪಿಸುತ್ತದೆ, ನಿಜ. ಆದರೆ ಆ ನೀರಿನಲ್ಲಿ ಆನೋಡ್ ಇನ್ನೂ ಬೇಗ ಸವೆಯುತ್ತದೆ.

ಎರಡು ವರ್ಷ ಕಳೆಯುವುದರೊಳಗೆ ಒಂದು ರಾತ್ರಿ ಟ್ಯಾಂಕಿನ ತಳದ ವೆಲ್ಡಿಂಗ್ ಗೆರೆಯಲ್ಲಿ ನೀರು ಜಿನುಗತೊಡಗಿತು. ಬೆಳಗಾಗುವಷ್ಟರಲ್ಲಿ ಗೋಡೆಯ ಮೇಲೆ ಕಂದು ಗೆರೆ ಮೂಡಿತ್ತು, ಕೆಳಗಿದ್ದ ಪ್ಲೈವುಡ್ ಕಪಾಟಿನ ಬಾಗಿಲು ಉಬ್ಬಿ ಮುಚ್ಚದಾಗಿತ್ತು. ಟ್ಯಾಂಕಿಗೆ 7 ವರ್ಷದ ವಾರಂಟಿ ಇದೆಯಲ್ಲ ಎಂಬ ಧೈರ್ಯದಿಂದ ದೂರು ಕೊಟ್ಟೆ. ಕಂಪನಿಯವರು ವಾರಂಟಿ ಕಾರ್ಡಿನ ಹಿಂಬದಿಯ ಸಣ್ಣಕ್ಷರಗಳನ್ನು ತೋರಿಸಿದರು: ಸವೆದ ಆನೋಡನ್ನು ಬದಲಿಸದಿದ್ದರೆ ಟ್ಯಾಂಕಿನ ವಾರಂಟಿ ಅನ್ವಯಿಸದು. ಹಳೆಯ ಸರ್ವಿಸ್ ಕಾಗದವನ್ನೂ ತೋರಿಸಿದರು. ‘ಆನೋಡ್ ಬದಲಿಸಲು ಗ್ರಾಹಕರು ಒಪ್ಪಲಿಲ್ಲ’ ಎಂದು ಬರೆದಿದ್ದ ಸಾಲಿನ ಕೆಳಗೆ ನನ್ನದೇ ಸಹಿ ಇತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಟ್ಯಾಂಕಿನಲ್ಲಿ ಬಿಸಿನೀರು ಕೂಡಿಡುವ ಯಾವ ವ್ಯವಸ್ಥೆಯೂ ತಿರುಗಿ ನೋಡದೆ 15 ವರ್ಷ ಬಾಳುವುದಿಲ್ಲ. ಎನಾಮಲ್ ಟ್ಯಾಂಕು ಇರುವ ಸೋಲಾರ್ ಮತ್ತು ಹೀಟ್ ಪಂಪ್‌ಗಳಲ್ಲಿಯೂ ಇದೇ ಸಲಾಕೆ ಇರುತ್ತದೆ. ಸ್ಟೇನ್‌ಲೆಸ್ ಟ್ಯಾಂಕು ಎಂದರೂ ಕ್ಲೋರೈಡ್ ಹೆಚ್ಚಿರುವ ನೀರು ಅದನ್ನು ಚುಕ್ಕೆ ಚುಕ್ಕೆಯಾಗಿ ಕೊರೆಯಬಲ್ಲದು.

ವಿದ್ಯುತ್ ಉಳಿತಾಯದ ಮಾತುಗಳನ್ನೂ ಅಳೆದು ನಂಬಿ. 25 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 1 ಯೂನಿಟ್ ಬೇಕೇ ಬೇಕು, ಯಾವ ಕಂಪನಿಯ ಕಾಯಿಲ್ ಕೂಡ ಅದಕ್ಕಿಂತ ಕಡಿಮೆಯಲ್ಲಿ ಮಾಡಲಾರದು; ಗೀಸರ್ ಗೀಸರಿಗೆ ವ್ಯತ್ಯಾಸ ಬರುವುದು ಕಾದ ನೀರಿನ ಶಾಖವನ್ನು ಹೊದಿಕೆ ಎಷ್ಟು ಹೊತ್ತು ಹಿಡಿದಿಡುತ್ತದೆ ಎಂಬುದರಲ್ಲಿ. ಹೀಟ್ ಪಂಪ್ ಮಾತ್ರ ಗಾಳಿಯ ಶಾಖವನ್ನು ನೀರಿಗೆ ಸಾಗಿಸುವುದರಿಂದ ಸುಮಾರು ಮೂರನೇ ಒಂದು ಭಾಗದಷ್ಟು ವಿದ್ಯುತ್ತಿನಲ್ಲಿ ಮುಗಿಸುತ್ತದೆ. ಮನೆಯಲ್ಲಿ ಐದಾರು ಮಂದಿ ಇದ್ದರೆ ಅದನ್ನೋ ಸೋಲಾರನ್ನೋ ಲೆಕ್ಕ ಹಾಕಿ ನೋಡಿ. ಇಬ್ಬರು ಮೂವರಿಗೆ ನಾನಂತೂ ಸಾಧಾರಣ ಗೀಸರನ್ನೇ ಹೇಳುತ್ತೇನೆ. ಟ್ಯಾಂಕಿನ ಗೊಡವೆಯೇ ಬೇಡವೆಂದು 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್ ಹಾಕಿಸಿದರೆ, ನೀರನ್ನು 30 ಡಿಗ್ರಿ ಏರಿಸುವಾಗ ನಿಮಿಷಕ್ಕೆ ಒಂದೂವರೆ ಲೀಟರ್ ಕೂಡ ಸಿಗುವುದಿಲ್ಲ. ಪಾತ್ರೆ ತೊಳೆಯಲು ಸರಿ, ಶವರಿಗೆ ಸಾಲದು. ಗ್ಯಾಸ್ ಗೀಸರನ್ನು ಬಚ್ಚಲಿನ ಒಳಗೆ ಹಾಕಿಸುವ ವಿಚಾರವಿದ್ದರೆ ಅದನ್ನು ಇಂದೇ ಬಿಡಿ. ಗ್ಯಾಸ್ ಸರಿಯಾಗಿ ಉರಿಯದಿದ್ದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಈಗ ನನ್ನ ಮನೆಯಲ್ಲಿರುವುದು ಮತ್ತೊಂದು 25 ಲೀಟರಿನ ವಿದ್ಯುತ್ ಗೀಸರ್. ಅದೇ ನೀರು, ಅದೇ ಗೋಡೆ, 9ನೇ ವರ್ಷ ನಡೆಯುತ್ತಿದೆ. ಹಿಂದೆ ಥರ್ಮೋಸ್ಟಾಟನ್ನು ಕೊನೆಯವರೆಗೂ ತಿರುಗಿಸಿಡುತ್ತಿದ್ದೆ. ಬಿಸಿ ಹೆಚ್ಚಾದಷ್ಟೂ ಸುಣ್ಣ ಬೇಗ ಕಟ್ಟುವುದರಿಂದ ಈಗ 60 ಡಿಗ್ರಿಯಲ್ಲಿ ನಿಲ್ಲಿಸಿದ್ದೇನೆ. ಅದಕ್ಕಿಂತ ತೀರ ಇಳಿಸಿ ಉಗುರುಬೆಚ್ಚಗೆ ಕೂಡಿಟ್ಟರೆ ಲೀಜಿಯೊನೆಲ್ಲಾ ಎಂಬ ರೋಗಾಣು ಬೆಳೆಯಬಲ್ಲದು. ವರ್ಷಕ್ಕೊಮ್ಮೆ ಮೆಕ್ಯಾನಿಕ್ ಬಂದು ಸುಣ್ಣ ತೆಗೆದು ಆನೋಡ್ ನೋಡುತ್ತಾರೆ. ಉಕ್ಕಿನ ತಂತಿ ಎಲ್ಲಿಯಾದರೂ ಕಾಣಿಸಿದರೆ ಅಂದೇ ಬದಲಿಸುತ್ತೇವೆ. ಇದುವರೆಗೆ ನಾಲ್ಕು ಆನೋಡ್‌ಗಳು ಹೋಗಿವೆ. ಅಂದಹಾಗೆ, ನೀರು ಕಾಯುವಾಗ ಸೇಫ್ಟಿ ವಾಲ್ವಿನಿಂದ ನಾಲ್ಕು ಹನಿ ಬಿದ್ದರೆ ಅದು ಹಿಗ್ಗಿದ ನೀರು. ಸೋರುತ್ತಿದೆಯೆಂದು ಅದರ ಬಾಯಿಗೆ ಬಿರಡೆ ಜಡಿಯಬೇಡಿ.

ಗೀಸರನ್ನು ಗೋಡೆಗೆ ಏರಿಸುವಾಗ ಕೆಳಗೆ ಒಂದೂವರೆ ಅಡಿಯಾದರೂ ಖಾಲಿ ಬಿಡಿಸಿ. ಈ ಬಗೆಯ ಗೀಸರಿನಲ್ಲಿ ಸಲಾಕೆ ಕೆಳಗಿನಿಂದಲೇ ಹೊರಬರಬೇಕು. ನನ್ನ ಹಳೆಯದು ಕಪಾಟಿನ ನೆತ್ತಿಗೆ ತಾಗಿಕೊಂಡಿದ್ದರಿಂದ ಅದನ್ನು ಇಳಿಸದೆ ಬಿಚ್ಚುವಂತೆಯೇ ಇರಲಿಲ್ಲ. ಅಂಗಡಿಯಲ್ಲಿ ಕಂಪನಿಯ ಹೆಸರು ಕೇಳುವ ಮೊದಲು ಈ ಮಾದರಿಯ ಆನೋಡ್ ಎಲ್ಲಿದೆ, ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿ; ಮಾರುವವರಿಗೇ ಅದು ಗೊತ್ತಿಲ್ಲದಿದ್ದರೆ ಬೇರೆ ಮಾದರಿ ನೋಡಿ.